ಕಲ್ಲಿಗೆ ಕಾಗದ ಹೊದಿಸಿದವರು

ಮಾಯಾ ನಾಗರಿಕತೆಯ ಬಗ್ಗೆ ಬಂದಿರುವ ಯಾವ ಒಳ್ಳೆಯ ಪುಸ್ತಕ ತೆರೆದರೂ ಶಿಲ್ಪಗಳ ಫೋಟೋಗಳ ಜೊತೆಗೆ ಅವುಗಳ ರೇಖಾಚಿತ್ರ, ಪಡಿಯಚ್ಚುಗಳು ಸಾಲುಸಾಲಾಗಿ ಸಿಗುತ್ತವೆ. ಮಳೆಕಾಡಿನ ಸುಣ್ಣಕಲ್ಲು ಸವೆದು, ಪಾಚಿ ಹಿಡಿದು, ಬೇರುಗಳ ಒತ್ತಡಕ್ಕೆ ಒಡೆದುಹೋಗಿರುವುದರಿಂದ ಕ್ಯಾಮರಾಕ್ಕೆ ಕಾಣದ ಗೀಟನ್ನು ನುರಿತ ಕೈಯೇ ಹಿಡಿದುಕೊಡಬೇಕು. ಆ ಚಿತ್ರಗಳ ಕೆಳಗೆ ತೀರ ಸಣ್ಣ ಅಕ್ಷರದಲ್ಲಿ ಪ್ರತಿ ತೆಗೆದವರ ಹೆಸರಿರುತ್ತದೆ. ಆನಿ ಹಂಟರ್, ಅಡೇಲಾ ಬ್ರೆಟನ್, ತಾತಿಯಾನಾ ಪ್ರೊಸ್ಕುರಿಯಾಕೋಫ್, ಮೆರ್ಲ್ ಗ್ರೀನ್ ರಾಬರ್ಟ್‌ಸನ್, ಲಿಂಡಾ ಶೀಲಿ, ಬಾರ್ಬರಾ ಫ್ಯಾಶ್. ಹೀಗೆ ಜೋಡಿಸುತ್ತಾ ಹೋದರೆ ನೂರು ವರ್ಷಕ್ಕೂ ಮಿಕ್ಕಿದ ಹೆಂಗಸರ ಪರಂಪರೆಯೇ ಕಣ್ಣಮುಂದೆ ನಿಲ್ಲುತ್ತದೆ. ಲಿಪಿಯನ್ನು ಓದಿದವರ ಕಥೆ ಬೇಕಾದಷ್ಟು ಬಂದಿದೆ. ಓದುವುದಕ್ಕೆ ಏನಾದರೂ ಉಳಿಯುವಂತೆ ನೋಡಿಕೊಂಡವರ ಕಥೆ ಅಷ್ಟಾಗಿ ಬಂದಿಲ್ಲ.

ಶಿಲ್ಪವನ್ನು ದಾಖಲಿಸುವ ಕೆಲಸ ವಿದ್ವತ್ತಿಗೆ ಒದಗುವ ಊಳಿಗವೇ, ಅಥವಾ ಅದೇ ವಿದ್ವತ್ತೇ? ಈ ಪ್ರಶ್ನೆಯನ್ನು ಇಟ್ಟುಕೊಂಡು ಆ ಪರಂಪರೆಯನ್ನು ನೋಡುವುದು ಈ ಲೇಖನದ ಉದ್ದೇಶ. ನನ್ನ ದೃಷ್ಟಿಯಲ್ಲಿ ಇದಕ್ಕೆ ಅತ್ಯಂತ ಸ್ಪಷ್ಟವಾದ ಉತ್ತರ ಮೆರ್ಲ್ ಗ್ರೀನ್ ರಾಬರ್ಟ್‌ಸನ್ ಅವರ ಐವತ್ತು ವರ್ಷಗಳ ದುಡಿಮೆಯಲ್ಲಿದೆ. ಆದ್ದರಿಂದ ಉಳಿದವರಿಗಿಂತ ಅವರ ಬಳಿ ಹೆಚ್ಚು ಹೊತ್ತು ನಿಲ್ಲುತ್ತೇನೆ.

ದಕ್ಷಿಣ ಮೆಕ್ಸಿಕೋ, ಗ್ವಾಟೆಮಾಲಾ, ಬೆಲೀಜ್, ಹೊಂಡುರಾಸ್‌ಗಳ ಕಾಡುಗಳಲ್ಲಿ ಮಾಯಾ ಜನರ ನಗರರಾಜ್ಯಗಳು ಕ್ರಿ.ಶ. ಸುಮಾರು 250ರಿಂದ 900ರವರೆಗೆ ಉಚ್ಛ್ರಾಯದಲ್ಲಿದ್ದವು. ಅರಸರು ಅರಮನೆಯ ಅಂಗಳದಲ್ಲಿ ಆಳೆತ್ತರಕ್ಕೂ ಮೀರಿದ ನಿಲುಗಲ್ಲುಗಳನ್ನು ನೆಡಿಸಿ, ತಮ್ಮ ರೂಪವನ್ನು ಉಬ್ಬುಶಿಲ್ಪವಾಗಿ ಕೆತ್ತಿಸಿ, ಪಕ್ಕದಲ್ಲಿ ಚಿತ್ರಾಕ್ಷರಗಳಲ್ಲಿ ದಿನಾಂಕ ಸಹಿತ ಬರೆಸುತ್ತಿದ್ದರು. ಆ ಬರಹ ಏನು ಹೇಳುತ್ತದೆ ಎಂಬುದು 20ನೇ ಶತಮಾನದ ನಡುವಿನವರೆಗೂ ಬಹುಮಟ್ಟಿಗೆ ಒಗಟಾಗಿಯೇ ಇತ್ತು. ಓದಲು ಬಾರದ ಲಿಪಿಯನ್ನು ನಕಲು ಮಾಡುವುದು ಕಷ್ಟ. ಅರ್ಥ ಗೊತ್ತಿಲ್ಲದವನಿಗೆ ಯಾವ ಗೀಟು ಮುಖ್ಯ, ಯಾವುದು ಕಲ್ಲಿನ ಬಿರುಕು ಎಂಬುದೇ ತಿಳಿಯದು. 1832ರಲ್ಲಿ ಪಾಲೆಂಕೆ ಎಂಬ ಮಾಯಾ ನಗರಕ್ಕೆ ಬಂದು ಬೀಡುಬಿಟ್ಟಿದ್ದ ವಾಲ್ಡೆಕ್ ಎಂಬ ಚಿತ್ರಕಾರ ತನ್ನ ಪ್ರತಿಗಳಲ್ಲಿ ಆನೆಯ ತಲೆಗಳನ್ನು ಬರೆದ. ಆನೆಗಳೇ ಇಲ್ಲದ ನಾಡಿನ ಶಿಲ್ಪದಲ್ಲಿ ಆತನಿಗೆ ಆನೆ ಕಂಡದ್ದು, ಹಳೆಯ ಜಗತ್ತಿನಿಂದ ಬಂದವರೇ ಇದನ್ನೆಲ್ಲ ಕಟ್ಟಿದರು ಎಂಬ ಕಲ್ಪನೆ ಮೊದಲೇ ತಲೆಯಲ್ಲಿ ಕೂತಿದ್ದರಿಂದ. ಅದಾದ ಕೆಲವೇ ವರ್ಷಗಳಲ್ಲಿ ಬಂದ ಫ್ರೆಡರಿಕ್ ಕ್ಯಾಥರ್‌ವುಡ್ ಸೊಳ್ಳೆ, ಮಲೇರಿಯಾಗಳ ನಡುವೆಯೂ ಕಂಡದ್ದನ್ನಷ್ಟೇ ಬರೆದ. ಅವನ ಚಿತ್ರಗಳಿಗೆ ಇಂದಿಗೂ ಬೆಲೆಯಿದೆ.

ಆ ಶತಮಾನದ ಕೊನೆಯಲ್ಲಿ ಆಲ್ಫ್ರೆಡ್ ಮಾಡ್‌ಸ್ಲೇ ಎಂಬ ಇಂಗ್ಲಿಷ್ ಶೋಧಕ ಒದ್ದೆ ಕಾಗದವನ್ನೂ ಪ್ಲಾಸ್ಟರನ್ನೂ ಶಿಲ್ಪಗಳ ಮೇಲೆ ಒತ್ತಿ ಅಚ್ಚು ತೆಗೆಸಿ, ಅವನ್ನೆಲ್ಲ ಲಂಡನ್ನಿಗೆ ಸಾಗಿಸಿದ. ಅಲ್ಲಿ ಆ ಅಚ್ಚುಗಳನ್ನು ಎದುರಿಗಿಟ್ಟುಕೊಂಡು ಗೀಟು ಗೀಟಾಗಿ ಚಿತ್ರ ಬರೆದವರು ಆನಿ ಹಂಟರ್. 1889ರಿಂದ 1902ರವರೆಗೆ ಪ್ರಕಟವಾದ ಮಾಡ್‌ಸ್ಲೇಯ ಸಂಪುಟಗಳನ್ನು ಹಿಡಿದೇ ಮುಂದಿನ ಎರಡು ತಲೆಮಾರಿನವರು ಮಾಯಾ ಪಂಚಾಂಗವನ್ನು ಬಿಡಿಸಿದರು. ಕೃತಿ ಮಾಡ್‌ಸ್ಲೇಯ ಹೆಸರಿನಲ್ಲಿದೆ. ಲಿಪಿತಜ್ಞರು ಕಣ್ಣಿಟ್ಟು ನೋಡಿದ್ದು ಹಂಟರ್ ಅವರ ಗೆರೆಗಳನ್ನು.

ಆ ಗೆರೆಗಳು ಸ್ಥಳದಲ್ಲಿರುವ ಶಿಲ್ಪಕ್ಕೆ ಸರಿಹೊಂದುತ್ತವೆಯೇ ಎಂದು ಮೆಕ್ಸಿಕೋದ ಚಿಚೆನ್ ಇತ್ಸಾದಲ್ಲಿ ಪರೀಕ್ಷಿಸಿ ಬರಲು 1900ರಲ್ಲಿ ಮಾಡ್‌ಸ್ಲೇ ಕೇಳಿಕೊಂಡದ್ದೂ ಒಬ್ಬ ಹೆಂಗಸನ್ನೇ. ಅಡೇಲಾ ಬ್ರೆಟನ್ ಅವರಿಗೆ ಆಗ ಐವತ್ತು ದಾಟಿತ್ತು. ಬಾತ್ ಪಟ್ಟಣದಲ್ಲಿ ಬೆಳೆದ ಅವರು ಪಾಬ್ಲೋ ಸೊಲೋರಿಯೋ ಎಂಬ ಮೆಕ್ಸಿಕನ್ ಮಾರ್ಗದರ್ಶಿಯ ಜೊತೆ ಕುದುರೆಯ ಮೇಲೆ ಆ ದೇಶ ಸುತ್ತಿದವರು. ಚಿಚೆನ್ ಇತ್ಸಾದ ಜಾಗ್ವಾರ್ ದೇಗುಲದ ಗೋಡೆಗಳಲ್ಲಿದ್ದ ಯುದ್ಧದ ಚಿತ್ರಗಳನ್ನು ಅವರು ಬಣ್ಣ ಸಮೇತ ಜಲವರ್ಣದಲ್ಲಿ ನಕಲು ಮಾಡಿದರು. ಗೋಡೆಯ ಮೇಲಿನ ಬಣ್ಣ ಆಮೇಲೆ ಹೆಚ್ಚುಕಡಿಮೆ ಅಳಿದೇ ಹೋಯಿತು. ಇಂದು ಆ ಯುದ್ಧವನ್ನು ನೋಡಬೇಕೆಂದರೆ ಇಂಗ್ಲೆಂಡಿನ ಬ್ರಿಸ್ಟಲ್ ಮ್ಯೂಸಿಯಮ್ಮಿನಲ್ಲಿರುವ ಬ್ರೆಟನ್ ಅವರ ಹಾಳೆಗಳನ್ನೇ ನೋಡಬೇಕು.

ಪ್ರೊಸ್ಕುರಿಯಾಕೋಫ್ ಅವರದು ಬೇರೆಯೇ ಎತ್ತರ. ಸೈಬೀರಿಯಾದ ತೋಮ್ಸ್ಕ್‌ನಲ್ಲಿ 1909ರಲ್ಲಿ ಹುಟ್ಟಿ, ಬಾಲ್ಯದಲ್ಲೇ ಅಮೆರಿಕಕ್ಕೆ ಬಂದು, 1930ರಲ್ಲಿ ವಾಸ್ತುಶಿಲ್ಪದ ಪದವಿ ಪಡೆದರು. ಅದು ಮಹಾ ಆರ್ಥಿಕ ಕುಸಿತದ ಕಾಲ, ಕಟ್ಟಡ ಕಟ್ಟಿಸುವವರೇ ಇಲ್ಲ. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಮ್ಯೂಸಿಯಮ್ಮಿನಲ್ಲಿ ಚಿತ್ರ ಬರೆದುಕೊಡುತ್ತಿದ್ದ ಅವರನ್ನು 1936ರಲ್ಲಿ ಉಸುಮಸಿಂತಾ ನದಿಯ ದಡದ ಪಿಯೆದ್ರಾಸ್ ನೆಗ್ರಾಸ್‌ಗೆ ಕರೆದೊಯ್ದರು. 1946ರಲ್ಲಿ ಬಂದ ಅವರ ಮಾಯಾ ವಾಸ್ತುಶಿಲ್ಪದ ಚಿತ್ರಸಂಪುಟ, 1950ರಲ್ಲಿ ಬಂದ ಶಿಲ್ಪಶೈಲಿಯ ಅಧ್ಯಯನ ಎರಡೂ ನೋಡುವ ಕಣ್ಣಿನಿಂದ ಹುಟ್ಟಿದ ಕೃತಿಗಳು. ಗರಿಮುಕುಟ, ಓಲೆ, ಸೊಂಟಪಟ್ಟಿ, ಕಾಲಿನ ನಿಲುವು ಹೇಗೆ ಕಾಲಕಾಲಕ್ಕೆ ಬದಲಾದವು ಎಂದು ನೂರಾರು ಶಿಲ್ಪಗಳನ್ನು ತುಲನೆ ಮಾಡಿ, ದಿನಾಂಕವಿಲ್ಲದ ಕಲ್ಲಿನ ಕಾಲವನ್ನೂ ಕೆಲವು ದಶಕಗಳ ಅಂತರದೊಳಗೆ ಗುರುತಿಸುವ ದಾರಿ ತೋರಿಸಿದರು.

ಈ ನೋಟದ ಫಲ ದೊರೆತದ್ದು 1960ರಲ್ಲಿ. ನಿಲುಗಲ್ಲುಗಳಲ್ಲಿರುವವರು ದೇವರು ಇಲ್ಲವೇ ಪುರೋಹಿತರು, ಬರಹವೆಲ್ಲ ಕಾಲಗಣನೆ ಮತ್ತು ಖಗೋಳ ಎಂಬುದು ಆಗಿನ ಹಿರಿಯರ ದೃಢ ನಂಬಿಕೆ. ಪಿಯೆದ್ರಾಸ್ ನೆಗ್ರಾಸ್‌ನ ಕಲ್ಲುಗಳು ಗುಂಪುಗುಂಪಾಗಿ ನಿಂತಿರುವುದನ್ನು ಪ್ರೊಸ್ಕುರಿಯಾಕೋಫ್ ಗಮನಿಸಿದರು. ಪ್ರತಿ ಗುಂಪಿನ ಮೊದಲ ಕಲ್ಲಿನಲ್ಲಿ ಎತ್ತರದ ಗೂಡಿನಲ್ಲಿ ಕೂತ ಒಬ್ಬ ವ್ಯಕ್ತಿ, ಅಲ್ಲಿಗೆ ಏರುವ ಏಣಿ, ಏಣಿಯ ಮೇಲೆ ಹೆಜ್ಜೆಗುರುತು. ಹಲ್ಲುನೋವಿಗೆ ಬಟ್ಟೆ ಕಟ್ಟಿಕೊಂಡಂತೆ ಕಾಣುವ ಒಂದು ಚಿಹ್ನೆ ಒಂದು ದಿನಾಂಕದ ಜೊತೆ ಬರುತ್ತದೆ, ಮೇಲ್ಮುಖವಾದ ಕಪ್ಪೆಯ ತಲೆ ಅದಕ್ಕಿಂತ ಹಲವು ವರ್ಷ ಹಿಂದಿನ ದಿನಾಂಕದ ಜೊತೆ. ಯಾವ ಗುಂಪಿನ ದಿನಾಂಕಗಳೂ ಒಬ್ಬ ಮನುಷ್ಯನ ಆಯಸ್ಸನ್ನು ಮೀರುವುದಿಲ್ಲ. ಕಪ್ಪೆ ಹುಟ್ಟಿಗೆ, ಬಟ್ಟೆ ಕಟ್ಟಿದ ತಲೆ ಪಟ್ಟವೇರಿದ್ದಕ್ಕೆ! ಒಂದಕ್ಷರವನ್ನೂ ಉಚ್ಚರಿಸದೆ, ಇವು ಅರಸರ ಚರಿತ್ರೆ ಎಂದು ಅವರು ಸಾಬೀತುಪಡಿಸಿದರು. ಉದ್ದನೆಯ ನಿಲುವಂಗಿ ತೊಟ್ಟ, ಪುರೋಹಿತರೆಂದು ಭಾವಿಸಿದ್ದ ಆಕೃತಿಗಳು ರಾಣಿಯರು ಎಂದೂ ತೋರಿಸಿಕೊಟ್ಟರು. ಎದುರು ಪಕ್ಷದ ಮುಂದಾಳಾಗಿದ್ದ ಎರಿಕ್ ಥಾಂಪ್ಸನ್ ಕೂಡ ಒಪ್ಪಿದರು. ಪ್ರೊಸ್ಕುರಿಯಾಕೋಫ್ ಅವರ ಈ ವಾದಕ್ಕೆ ಆಧಾರವಾದ ಎಷ್ಟೋ ಕಲ್ಲುಗಳ, ಟೆಯೊಬರ್ಟ್ ಮಾಲರ್ ಕಾಡಿನಲ್ಲಿ ಬೆಳಕು ಕಾದು ತೆಗೆದ ಫೋಟೋಗಳು 1901ರಲ್ಲೇ ಪ್ರಕಟವಾಗಿದ್ದವು. ಅರವತ್ತು ವರ್ಷ ಎಲ್ಲರ ಕಪಾಟಿನಲ್ಲೂ ಇದ್ದ ದಾಖಲೆ ಅದು. ಗೀಟಿನ ಭಾಷೆ ಬಲ್ಲವರು ಬಂದಾಗ ಅದು ಮಾತಾಡಿತು.

ಅದೇ ಹೊತ್ತಿಗೆ ಗ್ವಾಟೆಮಾಲಾದ ತಿಕಾಲ್‌ಗೆ ಇನ್ನೊಬ್ಬ ಚಿತ್ರಕಾರ್ತಿ ಬಂದಿದ್ದರು. ಮೆರ್ಲ್ ಗ್ರೀನ್ ಹುಟ್ಟಿದ್ದು 1913ರಲ್ಲಿ, ಅಮೆರಿಕದ ಮೊಂಟಾನಾ ಸೀಮೆಯ ಲಿವಿಂಗ್‌ಸ್ಟನ್‌ನಲ್ಲಿ. ಮೆಕ್ಸಿಕೋದ ಸಾನ್ ಮಿಗೆಲ್ ದೆ ಅಯೆಂದೆಯಲ್ಲಿ ಚಿತ್ರಕಲೆ ಕಲಿತು, ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಉತ್ಖನನ ತಂಡ ಸೇರಿ, ತಿಕಾಲ್‌ನ ಕಟ್ಟಡಗಳ ನಕ್ಷೆ ಬರೆಯುವ ಕೆಲಸಕ್ಕೆ ನಿಂತಾಗ ಅವರ ವಯಸ್ಸು ನಲವತ್ತೈದರ ಆಚೆ. ಇಬ್ಬರು ಮಕ್ಕಳ ತಾಯಿ. ಪುರಾತತ್ತ್ವದ ಪದವಿಯಿಲ್ಲ. ನಿಲುಗಲ್ಲುಗಳನ್ನು ನಿಜ ಗಾತ್ರದಲ್ಲೇ ಕಾಗದಕ್ಕೆ ಇಳಿಸಿದರೆ ಹೇಗೆ ಎಂಬ ಯೋಚನೆ ಅವರನ್ನು ಹಿಡಿದದ್ದು ಅಲ್ಲಿ. ಹಿಡಿದದ್ದು ಮತ್ತೆ ಬಿಡಲಿಲ್ಲ.

ವಿಧಾನ ಹೀಗೆ. ಕಲ್ಲಿನ ಪಾಚಿ, ಮಣ್ಣನ್ನು ಹುಷಾರಾಗಿ ತೆಗೆಯಬೇಕು. ತೆಳುವಾದರೂ ಗಟ್ಟಿಯಾದ ಜಪಾನೀ ಕಾಗದವನ್ನು ನೀರಿನಲ್ಲಿ ತೋಯಿಸಿ ಶಿಲ್ಪಕ್ಕೆ ಹೊದಿಸಿ, ಒಂದೊಂದು ತಗ್ಗಿಗೂ ಇಳಿಯುವಂತೆ ಒತ್ತಬೇಕು. ಅದು ಒಣಗುವ ಹದ ಕಾದು, ಹತ್ತಿಯನ್ನು ರೇಷ್ಮೆಬಟ್ಟೆಯಲ್ಲಿ ಕಟ್ಟಿದ ಗಂಟಿಗೆ ಮಸಿಯನ್ನೋ ಎಣ್ಣೆಬಣ್ಣವನ್ನೋ ತೀರ ಕಡಿಮೆ ಮುಟ್ಟಿಸಿ ಮೇಲೆ ತಟ್ಟುತ್ತಾ ಹೋಗಬೇಕು. ಉಬ್ಬಿದ್ದು ಕಪ್ಪಾಗುತ್ತದೆ, ತಗ್ಗು ಬೆಳ್ಳಗೆ ಉಳಿಯುತ್ತದೆ. ಮಸಿ ಒಂದಿಷ್ಟು ಹೆಚ್ಚಾದರೆ ಕಾಗದ ದಾಟಿ ಕಲ್ಲಿಗೆ ಹತ್ತುತ್ತದೆ, ಗಾಳಿ ಎದ್ದರೆ ಹಾಳೆ ಕಿತ್ತುಬರುತ್ತದೆ, ಮಳೆ ಬಂದರೆ ಇಡೀ ದಿನದ ಕೆಲಸ ನೀರುಪಾಲು. ನಮ್ಮ ಶಾಸನತಜ್ಞರಿಗೆ ಇದನ್ನು ವಿವರಿಸಬೇಕಾಗಿಲ್ಲ. 1886ರಿಂದ ಬಿ.ಎಲ್. ರೈಸ್ ಹೊರತಂದ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಪರಂಪರೆಯಲ್ಲಿ ಊರೂರು ತಿರುಗಿ ವೀರಗಲ್ಲು, ದಾನಶಾಸನಗಳ ಮೇಲೆ ಒದ್ದೆ ಕಾಗದ ಬಡಿದು ಪಡಿಯಚ್ಚು ತೆಗೆದವರ ಕೆಲಸವೂ ಇದೇ ಜಾತಿಯದು. ಅವರಲ್ಲಿ ಎಷ್ಟು ಮಂದಿಯ ಹೆಸರು ನಮಗೆ ನೆನಪಿದೆ?

ಕ್ಯಾಲಿಫೋರ್ನಿಯಾದ ಶಾಲೆಯೊಂದರಲ್ಲಿ ಕಲಾಶಿಕ್ಷಕಿಯಾಗಿದ್ದುಕೊಂಡು, ರಜೆಯಲ್ಲಿ ವಿದ್ಯಾರ್ಥಿಗಳನ್ನೂ ಜೊತೆಗೆ ಕಟ್ಟಿಕೊಂಡು ಅವರು ಕಾಡಿಗೆ ಬರುತ್ತಿದ್ದರು. ಜೀಪು ಹೋಗುವಲ್ಲಿಗೆ ಜೀಪು, ಆಚೆಗೆ ಹೇಸರಗತ್ತೆ, ದೋಣಿ, ಕಾಲ್ನಡಿಗೆ. ತಿಕಾಲ್, ಸೇಬಾಲ್, ದೋಸ್ ಪಿಲಾಸ್, ನಾರಾಂಹೋ ಎನ್ನುತ್ತಾ ಗ್ವಾಟೆಮಾಲಾದ ಪೆತೆನ್ ಕಾಡಿನ ಉದ್ದಗಲಕ್ಕೂ ಪಡಿಯಚ್ಚು ತೆಗೆದರು. 1967ರಲ್ಲಿ ಅವುಗಳ ಮೊದಲ ಸಂಪುಟ ಬಂದಾಗ ಮುನ್ನುಡಿ ಬರೆದವರು ಅದೇ ಎರಿಕ್ ಥಾಂಪ್ಸನ್.

ಇನ್ನಷ್ಟು ತಡವಾಗಿದ್ದರೆ ಅವರಿಗೆ ಸಿಗುತ್ತಿದ್ದುದು ಕಲ್ಲಿನ ತುಂಡುಗಳು ಮಾತ್ರ. 1960ರ ದಶಕದಲ್ಲಿ ಅಮೆರಿಕ, ಯೂರೋಪುಗಳ ಶ್ರೀಮಂತ ಸಂಗ್ರಾಹಕರಿಗೆ ಮಾಯಾ ಶಿಲ್ಪದ ಹುಚ್ಚು ಹಿಡಿಯಿತು. ಕಳ್ಳರು ಕಾಡಿಗೆ ಗರಗಸ ಹೊತ್ತು ಬಂದರು. ಟನ್ನುಗಟ್ಟಲೆ ತೂಗುವ ಕಲ್ಲನ್ನು ಇಡಿಯಾಗಿ ಒಯ್ಯಲಾಗದೆ, ಶಿಲ್ಪವಿರುವ ಮುಖವನ್ನಷ್ಟೇ ತೆಳುವಾಗಿ ಸೀಳಿ, ಹೆಸರು ದಿನಾಂಕಗಳಿದ್ದ ಪಕ್ಕದ ಅಕ್ಷರಗಳನ್ನು ಪುಡಿಮಾಡಿ ಹೋದರು. 1971ರಲ್ಲಿ ಲಾ ನಾಯಾ ಎಂಬಲ್ಲಿ ಶಾಸನಶೋಧಕ ಇಯನ್ ಗ್ರಹಾಮ್ ತಂಡದ ಸಹಾಯಕನೊಬ್ಬನನ್ನು ಈ ಕಳ್ಳರು ಗುಂಡಿಕ್ಕಿ ಕೊಂದರು. ಮಚಾಕಿಲಾದ 2ನೇ ನಿಲುಗಲ್ಲು ಕಳುವಾಗಿ ಅಮೆರಿಕದಲ್ಲಿ ಮಾರಾಟಕ್ಕೆ ಬಂದಾಗ ಅದು ಎಲ್ಲಿಯದೆಂದು ಹೇಳಲು ಸಾಧ್ಯವಾದದ್ದು ಗ್ರಹಾಮ್ ಅದನ್ನು ಸ್ಥಳದಲ್ಲೇ ದಾಖಲಿಸಿದ್ದರಿಂದ. ಮಾರುವವರಿಗೆ ಶಿಕ್ಷೆಯಾಯಿತು. ದಾಖಲೆ ಎಂದರೆ ವಿದ್ವಾಂಸರ ಸರಕು ಎಂದುಕೊಂಡವರು ಇದನ್ನು ಗಮನಿಸಬೇಕು: ಕಳುವಾದ ಶಿಲ್ಪ ಇಂಥ ಊರಿನದು ಎಂದು ನ್ಯಾಯಾಲಯದಲ್ಲಿ ಸಾಕ್ಷಿ ನುಡಿಯುವುದು ಅದೇ. ರಾಬರ್ಟ್‌ಸನ್ ಪಡಿಯಚ್ಚು ತೆಗೆದ ಶಿಲ್ಪಗಳಲ್ಲೂ ಕೆಲವು ಕಳ್ಳರ ಪಾಲಾದವು, ಕೆಲವು ನಾಶವಾದವು. ಅಂಥವುಗಳ ಪೂರ್ಣರೂಪ ಉಳಿದಿರುವುದು ಅವರ ಕಾಗದದಲ್ಲಿ.

ಮೆಕ್ಸಿಕೋದ ಚಿಯಾಪಾಸ್ ರಾಜ್ಯದ ಪಾಲೆಂಕೆ ಅವರ ಕರ್ಮಭೂಮಿಯಾಯಿತು. ಪತಿ ಲಾರೆನ್ಸ್ ರಾಬರ್ಟ್‌ಸನ್ ಜೊತೆ ಅಲ್ಲೇ ಮನೆ ಮಾಡಿದರು. ಆ ಮನೆಯಲ್ಲಿ ವಿದ್ವಾಂಸರು, ವಿದ್ಯಾರ್ಥಿಗಳು, ಸುಮ್ಮನೆ ಕುತೂಹಲಕ್ಕೆ ಬಂದವರು ಎಲ್ಲರಿಗೂ ಜಾಗವಿತ್ತು. ಅಲ್ಲಿನ ಹರಟೆಯಿಂದಲೇ 1973ರ ಡಿಸೆಂಬರಿನ ಮೊದಲ ಪಾಲೆಂಕೆ ದುಂಡುಮೇಜಿನ ಸಭೆ ಹುಟ್ಟಿತು. ಶಿಲ್ಪಗಳಿಂದ ಕೂಗಳತೆಯ ದೂರದಲ್ಲಿ ಚಿತ್ರಕಾರರು, ಭಾಷಾತಜ್ಞರು, ಪುರಾತತ್ತ್ವಜ್ಞರು ಒಟ್ಟಿಗೆ ಕೂತರು. ಅಲಬಾಮಾದಲ್ಲಿ ಚಿತ್ರಕಲೆಯ ಶಿಕ್ಷಕಿಯಾಗಿದ್ದು ಮೂರು ವರ್ಷದ ಹಿಂದೆ ಪ್ರವಾಸಿಯಾಗಿ ಪಾಲೆಂಕೆಗೆ ಬಂದಿದ್ದ ಲಿಂಡಾ ಶೀಲಿ, ಇನ್ನೂ ವಿದ್ಯಾರ್ಥಿಯಾಗಿದ್ದ ಪೀಟರ್ ಮ್ಯಾಥ್ಯೂಸ್ ಒಂದು ಮಧ್ಯಾಹ್ನ ಶಾಸನಗಳ ಪ್ರತಿಗಳನ್ನು ಹರಡಿಕೊಂಡು ಕೂತು, ಭಾಷಾಪಂಡಿತ ಫ್ಲಾಯ್ಡ್ ಲೌನ್ಸ್‌ಬರಿಯವರ ವಿಚಾರಗಳ ನೆರವಿನಿಂದ, ಪಕಾಲ್ ಎಂಬ ಅರಸನಿಂದ ಮುಂದಿನ ಪಾಲೆಂಕೆ ಅರಸರ ಹುಟ್ಟು, ಪಟ್ಟ, ಸಾವುಗಳನ್ನು ಸಾಲಾಗಿ ಹೊಂದಿಸಿಬಿಟ್ಟರು. ಅದೇ ಸಂಜೆ ಸಭೆಯ ಮುಂದೆ ಇಟ್ಟರು. ಮಾಯಾ ಅಧ್ಯಯನದಲ್ಲಿ ಅಂಥ ಮಧ್ಯಾಹ್ನ ಇನ್ನೊಂದಿಲ್ಲ ಎಂದು ಹೇಳುವವರಿದ್ದಾರೆ, ನನಗೂ ಹಾಗೇ ಅನ್ನಿಸುತ್ತದೆ. ಮೇಜಿನ ಮೇಲೆ ಹರಡಲು ನಿಖರವಾದ ಪ್ರತಿಗಳೇ ಇಲ್ಲದಿದ್ದರೆ ಆ ಇಬ್ಬರ ಪ್ರತಿಭೆಗೆ ಕೆಲಸವಿರುತ್ತಿರಲಿಲ್ಲ.

ಆದರೂ ರಾಬರ್ಟ್‌ಸನ್ ಅವರ ಅತಿ ದೊಡ್ಡ ಕೆಲಸ ಇದಲ್ಲ ಎಂದೇ ನನ್ನ ಅಭಿಪ್ರಾಯ. ಪಾಲೆಂಕೆಯ ಅರಮನೆ, ದೇಗುಲಗಳ ಕಂಬಗಳ ಮೇಲಿರುವುದು ಗಾರೆಯ ಶಿಲ್ಪ. ಅದಕ್ಕೆ ಕಾಗದ ಒತ್ತುವಂತಿಲ್ಲ, ಉದುರಿಹೋಗುತ್ತದೆ. 1970ರ ದಶಕದಲ್ಲಿ ಅವರು ಅಟ್ಟಣಿಗೆ ಕಟ್ಟಿಸಿ ಕಂಬದಿಂದ ಕಂಬಕ್ಕೆ ಅಂಗುಲ ಅಂಗುಲವಾಗಿ ಅಳೆದು, ಫೋಟೋ ತೆಗೆದು, ಚಿತ್ರ ಬರೆದು, ಉಳಿದಿದ್ದ ಬಣ್ಣದ ಪದರಗಳನ್ನು ಒಂದೊಂದಾಗಿ ಗುರುತು ಹಾಕಿಕೊಂಡರು. ಒಡೆದ ಗಾರೆಯ ಅಂಚುಗಳನ್ನು ನೋಡನೋಡುತ್ತಾ ಶಿಲ್ಪಿಯ ಕೈಚಳಕವೇ ಅವರಿಗೆ ತೆರೆದುಕೊಂಡಿತು. ಪಾಲೆಂಕೆಯ ಶಿಲ್ಪಿ ಮೊದಲು ಬರಿಮೈಯನ್ನು ಪೂರ್ತಿಯಾಗಿ ರೂಪಿಸುತ್ತಿದ್ದ. ಆಮೇಲೆ ಜೀವಂತ ಮನುಷ್ಯನಿಗೆ ಉಡಿಸುವಂತೆ ಒಳಬಟ್ಟೆ, ಮೇಲುಡುಪು, ಮಣಿಸರ ಎಂದು ಪದರ ಪದರವಾಗಿ ಗಾರೆಯ ಉಡುಪು ತೊಡಿಸುತ್ತಿದ್ದ. ಹೊರಗೆ ಕಾಣದ ಮೈಯನ್ನೂ ಅಷ್ಟು ಶ್ರದ್ಧೆಯಿಂದ ಮಾಡಿದ ಶಿಲ್ಪಿಯನ್ನು ಸಾವಿರದಿನ್ನೂರು ವರ್ಷದ ಮೇಲೆ ಗುರುತಿಸಲು ಇನ್ನೊಬ್ಬ ಕಲಾವಿದೆಯೇ ಬೇಕಾಯಿತು.

ಬಣ್ಣಕ್ಕೂ ಕ್ರಮವಿತ್ತು ಎಂದು ಅವರು ತೋರಿಸಿದರು. ಮನುಷ್ಯರ ಮೈಗೆ, ಈ ಲೋಕದ್ದಕ್ಕೆ ಕೆಂಪು. ದೈವಕ್ಕೆ ಸೇರಿದ್ದಕ್ಕೆ ನೀಲಿ. ಪಾತಾಳಕ್ಕೆ ಸೇರಿದ್ದಕ್ಕೆ ಹಳದಿ. ಪಾಲೆಂಕೆಯ ‘ಶಾಸನ ದೇಗುಲ’ದ ಕಂಬಗಳಲ್ಲಿ ಎತ್ತಿಕೊಂಡಿರುವ ಮಗುವಿನ ಕಾಲಿಗೆ ಆರು ಬೆರಳಿರುವುದನ್ನೂ ದಾಖಲಿಸಿ, ಅದನ್ನು ಪಕಾಲ್‌ನ ಉತ್ತರಾಧಿಕಾರಿ ಕಾನ್ ಬಹ್ಲಾಮ್ ಜೊತೆ ಹೊಂದಿಸಿದರು. ಅರಸುಮನೆತನದಲ್ಲಿ ವಂಶಪಾರಂಪರ್ಯವಾದ ಅಂಗವೈಕಲ್ಯಗಳಿದ್ದವು ಎಂದು ಅದರಿಂದ ಮುಂದುವರಿಸಿದ ವಾದವನ್ನು ಎಲ್ಲರೂ ಒಪ್ಪಲಿಲ್ಲ. ಒಪ್ಪದಿದ್ದರೂ ನಷ್ಟವಿಲ್ಲ. ವಾದ ಬಿದ್ದರೂ ಆರು ಬೆರಳಿನ ದಾಖಲೆ ನಿಲ್ಲುತ್ತದೆ. ವ್ಯಾಖ್ಯಾನವನ್ನೂ ದಾಖಲೆಯನ್ನೂ ಒಂದರೊಳಗೊಂದು ಬೆರೆಸದಿರುವುದು ಅವರ ದೊಡ್ಡ ಗುಣ.

1982ರ ಮಾರ್ಚ್ ಏಪ್ರಿಲ್‌ನಲ್ಲಿ ಚಿಯಾಪಾಸಿನ ಎಲ್ ಚಿಚೋನ್ ಜ್ವಾಲಾಮುಖಿ ಸಿಡಿಯಿತು. ಸುಮಾರು 2,000 ಜನ ಸತ್ತರು. ಬೂದಿ ಪಾಲೆಂಕೆಯ ಮೇಲೂ ಸುರಿಯಿತು. ಮೆಕ್ಸಿಕೋ ಕೊಲ್ಲಿಯ ತೈಲೋದ್ಯಮದ ಹೊಗೆಯಿಂದ ಬರುವ ಆಮ್ಲಮಳೆ ಮೊದಲೇ ಗಾರೆಯನ್ನು ತಿನ್ನುತ್ತಿತ್ತು. ರಾಬರ್ಟ್‌ಸನ್ ಗುರುತು ಹಾಕಿಕೊಂಡಿದ್ದ ಬಣ್ಣಗಳಲ್ಲಿ ಎಷ್ಟೋ ಮಾಸಿದವು, ಕಪ್ಪು ಹೊದಿಕೆ ಕಟ್ಟಿತು. ‘ಪಾಲೆಂಕೆಯ ಶಿಲ್ಪ’ ಎಂಬ ಅವರ ಕೃತಿಯ ಮೊದಲ ಸಂಪುಟವನ್ನು ಪ್ರಿನ್ಸ್‌ಟನ್ ವಿಶ್ವವಿದ್ಯಾಲಯ ಪ್ರಕಟಿಸಿದ್ದು 1983ರಲ್ಲಿ, ನಾಲ್ಕನೆಯದು 1991ರಲ್ಲಿ. ಅವುಗಳಲ್ಲಿರುವುದು ಬೂದಿ ಬೀಳುವ ಮುಂಚಿನ ಪಾಲೆಂಕೆ.

ಪಕಾಲ್‌ನ ಸಮಾಧಿಯ ಮಾತೂ ಇಲ್ಲಿ ಬರಬೇಕು. 1952ರಲ್ಲಿ ಆಲ್ಬೆರ್ತೋ ರೂಸ್ ಶಾಸನ ದೇಗುಲದ ಒಡಲಿನಲ್ಲಿ ಕಂಡುಹಿಡಿದ ಆ ಗೋರಿಯ ಚಪ್ಪಡಿ ಸುಮಾರು ಮೂರೂಮುಕ್ಕಾಲು ಮೀಟರ್ ಉದ್ದದ್ದು. 1968ರಲ್ಲಿ ಎರಿಕ್ ಫಾನ್ ಡೆನಿಕನ್ ಎಂಬ ಲೇಖಕ, ಅದರ ಮೇಲಿರುವವನು ರಾಕೆಟ್ಟಿನಲ್ಲಿ ಕೂತ ಗಗನಯಾತ್ರಿ ಎಂದು ಬರೆದದ್ದು ಲೋಕವೆಲ್ಲ ಹಬ್ಬಿತು. ನಮ್ಮಲ್ಲೂ ಅದನ್ನು ನಂಬಿದವರಿದ್ದಾರೆ. ಉಸಿರುಗಟ್ಟಿಸುವ ಆ ನೆಲಮಾಳಿಗೆಯಲ್ಲಿ ರಾಬರ್ಟ್‌ಸನ್ ಚಪ್ಪಡಿಯ ಇಡೀ ಮುಖ, ಅಂಚಿನ ಅಕ್ಷರಗಳು, ಶವಪೆಟ್ಟಿಗೆಯ ಬದಿಯ ಪೂರ್ವಜರ ಆಕೃತಿಗಳು ಎಲ್ಲದರ ಪಡಿಯಚ್ಚು ತೆಗೆದರು. ಪೂರ್ತಿ ಚಿತ್ರ ನೋಡಿದವರಿಗೆ ರಾಕೆಟ್ ಕಾಣುವುದಿಲ್ಲ. ಪಾತಾಳದ ತೆರೆದ ಬಾಯಿ, ಅದರ ಮೇಲೆ ಅರಸ, ಅವನ ಹಿಂದೆ ಎದ್ದು ನಿಂತ ಲೋಕವೃಕ್ಷ, ತುದಿಯಲ್ಲಿ ಹಕ್ಕಿ. ಅಂಚಿನಲ್ಲಿ ಅವನ ಮತ್ತು ಹಿರಿಯರ ಮರಣದಿನಗಳು. ಅವನ ಪೂರ್ವಜರು ಬದಿಗಳಲ್ಲಿ ಹಣ್ಣಿನ ಮರಗಳಾಗಿ ಚಿಗುರಿ ಬರುತ್ತಿದ್ದಾರೆ. ಒಂದು ಜನಾಂಗ ತನ್ನ ಅರಸನ ಸಾವನ್ನು ಹೀಗೆ ಧ್ಯಾನಿಸಿದ್ದನ್ನು ಅನ್ಯಗ್ರಹದವರ ಖಾತೆಗೆ ಬರೆಯುವುದು ಆ ಜನಾಂಗಕ್ಕೆ ಮಾಡುವ ಅವಮಾನ. ಮಾಯಾ ಭಾಷೆಗಳನ್ನಾಡುವ ಲಕ್ಷಾಂತರ ಜನ ಇಂದಿಗೂ ಅದೇ ನೆಲದಲ್ಲಿ ಬದುಕಿದ್ದಾರೆ.

ಪಡಿಯಚ್ಚಿಗೆ ಮಿತಿಗಳಿವೆ. ತೆಳುವಾದ ಉಬ್ಬುಶಿಲ್ಪಕ್ಕೆ ಅದು ಹೇಳಿಮಾಡಿಸಿದ್ದು. ಹೊಂಡುರಾಸ್‌ನ ಕೋಪಾನಿನಂಥ ಕಡೆ, ಹೆಚ್ಚುಕಡಿಮೆ ಕಲ್ಲಿನಿಂದ ಹೊರಗೇ ಬಂದು ನಿಂತ ಆಕೃತಿಗಳಿಗೆ ಕಾಗದ ಹೊದಿಸಿ ಪ್ರಯೋಜನವಿಲ್ಲ. ಶಿಥಿಲವಾದ ಮೇಲ್ಮೈಗೆ ಒತ್ತಡ ಅಪಾಯಕಾರಿ. ಆದ್ದರಿಂದಲೇ ಈಗ ಅನುಮತಿಯಿಲ್ಲದೆ ಯಾರೂ ಹಾಗೆ ಮಾಡುವಂತಿಲ್ಲ. ಕೋಪಾನಿನಲ್ಲಿ 2,000ಕ್ಕೂ ಹೆಚ್ಚು ಚಿತ್ರಾಕ್ಷರಗಳಿರುವ ಶಾಸನ ಮೆಟ್ಟಿಲನ್ನು ಬಾರ್ಬರಾ ಫ್ಯಾಶ್ ಮತ್ತು ಸಂಗಡಿಗರು ಮೂರು ಆಯಾಮದ ಸ್ಕ್ಯಾನಿಂಗಿನಿಂದ ದಾಖಲಿಸಿದ್ದಾರೆ. ಬೆಂಗಳೂರಿನ ಮಿಥಿಕ್ ಸೊಸೈಟಿ ಸುತ್ತಲಿನ ಶಾಸನಗಳಿಗೆ ಇದೇ ತಂತ್ರವನ್ನು ಬಳಸುತ್ತಿರುವುದನ್ನು ಇಲ್ಲಿ ನೆನೆಯಬಹುದು. ಹಾಗೆಂದು ಹಳೆಯ ದಾಖಲೆಗೆ ಬೆಲೆ ಕುಗ್ಗಿಲ್ಲ. ಕೋಪಾನಿನ ಮೆಟ್ಟಿಲುಗಳಲ್ಲಿ ಹಲವನ್ನು 1930ರ ದಶಕದಲ್ಲಿ ಮತ್ತೆ ಜೋಡಿಸುವಾಗ ಕ್ರಮ ತಪ್ಪಿತ್ತು. ಸರಿಯಾದ ಕ್ರಮ ಹುಡುಕಲು ಫ್ಯಾಶ್ ಆಶ್ರಯಿಸಿದ್ದು 19ನೇ ಶತಮಾನದ ಕೊನೆಯ ಫೋಟೋಗಳನ್ನು. ಸ್ಕ್ಯಾನರ್ ಎಷ್ಟೇ ಸೂಕ್ಷ್ಮವಾಗಿದ್ದರೂ ಇಂದು ಇರುವುದನ್ನು ಮಾತ್ರ ಹಿಡಿಯಬಲ್ಲದು.

ಇಷ್ಟೊಂದು ಹೆಂಗಸರು ಈ ಕೆಲಸದಲ್ಲೇ ಏಕೆ ಕಾಣುತ್ತಾರೆ? ಉತ್ಖನನದ ನಿರ್ದೇಶಕರ ಕುರ್ಚಿ ಬಹುಕಾಲ ಗಂಡಸರದಾಗಿತ್ತು. ಚಿತ್ರ ಬರೆಯುವುದು, ಪಟ್ಟಿ ಮಾಡುವುದು ಹೆಂಗಸರ ತಾಳ್ಮೆಗೆ ಒಪ್ಪುವ ಸಹಾಯಕ ಕೆಲಸ ಎಂದು ಅವರಿಗೆ ಬಿಟ್ಟುಕೊಟ್ಟರು. ಹಾಗೆ ಬಿಟ್ಟುಕೊಟ್ಟ ಮೂಲೆಯಿಂದಲೇ ಅರಸರ ಚರಿತ್ರೆ, ವಂಶಾವಳಿ, ಶಿಲ್ಪಿಯ ಕೆಲಸದ ಕ್ರಮ, ಬಣ್ಣದ ಅರ್ಥ ಎಲ್ಲವೂ ಹೊರಬಂದವು. ಒಂದೇ ಕಲ್ಲಿನ ಎದುರು ದಿನಗಟ್ಟಲೆ ಕೂತವರಿಗೆ ಕಾಣುವುದು ನಡೆದುಹೋಗುತ್ತಾ ನೋಡಿದವರಿಗೆ ಕಾಣದು. ಪ್ರತಿ ತೆಗೆಯುವಾಗ ಪ್ರತಿ ಗೀಟಿನ ಬಳಿಯೂ ಒಂದು ತೀರ್ಮಾನ ಮಾಡಬೇಕು, ಆ ತೀರ್ಮಾನಗಳ ಮೊತ್ತವೇ ವಿದ್ವತ್ತು.

1994ರಲ್ಲಿ ಮೆಕ್ಸಿಕೋ ಸರ್ಕಾರ ವಿದೇಶೀಯರಿಗೆ ಕೊಡುವ ಅತ್ಯುನ್ನತ ಗೌರವವಾದ ‘ಆಜ್ಟೆಕ್ ಹದ್ದು’ ಪದವಿಯನ್ನು ರಾಬರ್ಟ್‌ಸನ್ ಅವರಿಗೆ ನೀಡಿತು. ಅವರಿಗೆ ಎಂಬತ್ತು ದಾಟಿದ ಮೇಲೆ, ಅವರು ಸ್ಥಾಪಿಸಿದ್ದ ಸಂಶೋಧನ ಸಂಸ್ಥೆ ಮೆಕ್ಸಿಕೋ ಪುರಾತತ್ತ್ವ ಇಲಾಖೆಯ ಜೊತೆಗೂಡಿ ಪಾಲೆಂಕೆಯಲ್ಲಿ ಉತ್ಖನನ ನಡೆಸಿ, 19ನೇ ದೇಗುಲದ ಶಾಸನಪೀಠವನ್ನು ಬೆಳಕಿಗೆ ತಂದಿತು. 2011ರ ಏಪ್ರಿಲ್‌ನಲ್ಲಿ, 97ನೇ ವಯಸ್ಸಿನಲ್ಲಿ, ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಅವರು ತೀರಿಕೊಂಡರು. ಅವರ ಪಡಿಯಚ್ಚುಗಳ ದೊಡ್ಡ ಸಂಗ್ರಹ ನ್ಯೂ ಆರ್ಲಿಯನ್ಸ್‌ನ ಟುಲೇನ್ ವಿಶ್ವವಿದ್ಯಾಲಯದ ಲ್ಯಾಟಿನ್ ಅಮೆರಿಕನ್ ಗ್ರಂಥಾಲಯದಲ್ಲಿದೆ. ಪಾಲೆಂಕೆಯ ಗಾರೆಶಿಲ್ಪಗಳ ಬಣ್ಣದ ಬಗ್ಗೆ ಮುಂದೆ ಯಾರೇ ಬರೆಯಲಿ, ಮೆರ್ಲ್ ಗ್ರೀನ್ ರಾಬರ್ಟ್‌ಸನ್ ಅವರ ನಾಲ್ಕು ಸಂಪುಟಗಳಿಂದಲೇ ಶುರುಮಾಡಬೇಕು.